ಸ್ಮಾರಕ ಅನ್ನಿಸಿಕೊಳ್ಳಲು ಗೋಡೆ ನಿಂತಿರಲೇಬೇಕಾ?

ನಾನಿರುವುದು ಅಮೆರಿಕದ ವರ್ಜೀನಿಯಾದಲ್ಲಿ, ರಿಚ್ಮಂಡ್ ಹತ್ತಿರ. ಆ ಊರಿನಲ್ಲಿ ಹಾಸ್ಪಿಟಲ್ ಸ್ಟ್ರೀಟ್ ಅಂತ ಒಂದು ರಸ್ತೆಯಿದೆ. ಒಂದು ಪಕ್ಕಕ್ಕೆ ಇಟ್ಟಿಗೆಯ ಕಾಂಪೌಂಡು, ಹಳೇ ಮರಗಳು, ಹೆಸರು ಕೆತ್ತಿದ ಸಮಾಧಿ ಕಲ್ಲುಗಳು. ಅದು 1822ರಲ್ಲಿ ಶುರುವಾದ ಶಾಕೋ ಹಿಲ್ ಸ್ಮಶಾನ. ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ಮಾರ್ಷಲ್ ಅವರ ಸಮಾಧಿ ಅಲ್ಲಿದೆ. ರಸ್ತೆಯ ಇನ್ನೊಂದು ಬದಿಯಲ್ಲಿ ವರ್ಷಾನುಗಟ್ಟಲೆ ಇದ್ದದ್ದು ಪಾಳುಬಿದ್ದ ಪೆಟ್ರೋಲ್ ಬಂಕು, ಎತ್ತರದ ಜಾಹೀರಾತು ಫಲಕ, ಅದರಾಚೆ ರೈಲು ಹಳಿ ಮತ್ತು ಇಂಟರ್‌ಸ್ಟೇಟ್ 64 ಹೆದ್ದಾರಿ. ಅದೂ ಸ್ಮಶಾನವೇ. 1816ರಿಂದ 1879ರವರೆಗೆ ಊರಿನ ಕಪ್ಪು ಜನರನ್ನು ಅಲ್ಲಿ ಹೂಳುತ್ತಿದ್ದರು. ಗುಲಾಮರೂ ಇದ್ದರು, ಸ್ವತಂತ್ರರೂ ಇದ್ದರು. 22,000ಕ್ಕೂ ಹೆಚ್ಚು ಜನ ಅಲ್ಲಿ ಮಣ್ಣಾಗಿದ್ದಾರೆ ಅನ್ನುವುದು ಅಂದಾಜು. ನೆಲದ ಮೇಲೆ ಅವರ ಗುರುತು ಒಂದೂ ಉಳಿದಿಲ್ಲ.

ಬಿಳಿಯರ ಸ್ಮಶಾನ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿದ್ದು 1990ರ ದಶಕದಲ್ಲಿ. ಎದುರಿನದು ಸೇರಿದ್ದು 2022ರಲ್ಲಿ.

ಯಾಕೆ ಇಷ್ಟು ತಡ? ಜನಾಂಗದ್ವೇಷ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು, ಅದು ಸುಳ್ಳೂ ಅಲ್ಲ. ಆದರೆ ಯಾರ ಮೇಲೂ ದ್ವೇಷವಿಲ್ಲದ ಅಧಿಕಾರಿ ಕೂತಿದ್ದರೂ ಹೀಗೇ ಆಗುತ್ತಿತ್ತು. 1966ರ ಐತಿಹಾಸಿಕ ತಾಣ ಸಂರಕ್ಷಣಾ ಕಾಯ್ದೆಯಿಂದ ಹುಟ್ಟಿದ ಈ ಪಟ್ಟಿಗೆ ಒಂದು ಜಾಗ ಸೇರಬೇಕಾದರೆ ಅದಕ್ಕೆ ಮಹತ್ವ ಇದ್ದರೆ ಸಾಲದು, ಮೂಲ ರೂಪವೂ ಉಳಿದಿರಬೇಕು. ಜಾಗ, ವಿನ್ಯಾಸ, ಸುತ್ತಲಿನ ಪರಿಸರ, ಬಳಸಿದ ಸಾಮಗ್ರಿ, ಕೈಕೆಲಸ, ನೋಡಿದಾಗ ಆಗುವ ಅನುಭವ, ಇತಿಹಾಸದ ಜೊತೆಗಿನ ನಂಟು ಅಂತ ಏಳು ವಿಷಯ ನೋಡುತ್ತಾರೆ. ಓದಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಯಾರ ಮನೆಯನ್ನು ಯಾರೂ ಕೆಡವಲಿಲ್ಲವೋ ಅವರು ಸಲೀಸಾಗಿ ಪಾಸಾಗುತ್ತಾರೆ. ಕೆಡವಿಸಿಕೊಂಡವರು ಎಲ್ಲಿಂದ ತರಬೇಕು ಮೂಲ ರೂಪ?

ಇದೇ ಊರಿನ ಜಾಕ್ಸನ್ ವಾರ್ಡ್ ಬಡಾವಣೆ ನೋಡಿ. ಬ್ಯಾಂಕು, ಪತ್ರಿಕೆ, ನಾಟಕಶಾಲೆ ಎಲ್ಲವನ್ನೂ ಕಪ್ಪು ಜನ ತಾವೇ ಕಟ್ಟಿ ನಡೆಸಿದ ಕೇರಿ ಅದು. ಮ್ಯಾಗಿ ವಾಕರ್ ಎಂಬ ಮಹಿಳೆ 1903ರಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದದ್ದು ಅಲ್ಲೇ. 1950ರ ದಶಕದಲ್ಲಿ ಟೋಲ್ ಹೆದ್ದಾರಿಗೆ ದಾರಿ ಬೇಕಾದಾಗ ಬಡಾವಣೆಯ ನಟ್ಟನಡುವೆ ಸೀಳಿದರು. ಮನೆಗಳು ನೂರುಗಟ್ಟಲೆ ಹೋದವು. ಈಗಿನ ಇಂಟರ್‌ಸ್ಟೇಟ್ 95 ಅದೇ ದಾರಿಯಲ್ಲಿ ಓಡುತ್ತದೆ. ಮ್ಯಾಗಿ ವಾಕರ್ ಅವರ ಮನೆ ಉಳಿಯಿತು, ಈಗ ರಾಷ್ಟ್ರೀಯ ಸ್ಮಾರಕವಾಗಿದೆ. ಆ ಬ್ಯಾಂಕಿನಲ್ಲಿ ಚಿಲ್ಲರೆ ಕೂಡಿಡುತ್ತಿದ್ದ ಬಟ್ಟೆ ಒಗೆಯುವ ಹೆಂಗಸರ ಮನೆಗಳಿಗೆ ಆ ಭಾಗ್ಯ ಇರಲಿಲ್ಲ.

ಇದೇ ಊರಿನ ಮಾನ್ಯುಮೆಂಟ್ ಅವೆನ್ಯೂಗೆ ಹೋದರೆ ಲೆಕ್ಕವೇ ಬೇರೆ. ಗುಲಾಮಗಿರಿ ಉಳಿಸಿಕೊಳ್ಳಲು ದೇಶ ಒಡೆದು ಹೊರಟ ದಕ್ಷಿಣದ ರಾಜ್ಯಗಳಿಗೆ ರಿಚ್ಮಂಡ್ ರಾಜಧಾನಿಯಾಗಿತ್ತು. ಯುದ್ಧ ಸೋತು 25 ವರ್ಷವಾದ ಮೇಲೆ, 1890ರಲ್ಲಿ, ಅವರ ಸೇನಾನಿ ರಾಬರ್ಟ್ ಲೀ ಪ್ರತಿಮೆ ಆ ಬೀದಿಯಲ್ಲಿ ಎದ್ದು ನಿಂತಿತು. ಆಮೇಲೆ ಅಂಥವೇ ಇನ್ನಷ್ಟು ಬಂದವು. ಯುದ್ಧ ಸ್ಮಾರಕಗಳನ್ನು ಊರಿನ ಆಡಳಿತ ತಾನಾಗಿ ತೆಗೆಯುವಂತಿಲ್ಲ ಅಂತ ರಾಜ್ಯದ ಕಾನೂನೇ ಕಾವಲಿಗೆ ನಿಂತಿತ್ತು. 2020ರಲ್ಲಿ ಆ ಕಾನೂನು ಬದಲಾಯಿತು. ಆ ಬೇಸಿಗೆಯ ಪ್ರತಿಭಟನೆಗಳ ನಡುವೆ ಒಂದೊಂದೇ ಪ್ರತಿಮೆ ಇಳಿಯಿತು, ಲೀ ಇಳಿದದ್ದು 2021ರ ಸೆಪ್ಟೆಂಬರಿನಲ್ಲಿ. ಇತಿಹಾಸ ಅಳಿಸುತ್ತಿದ್ದಾರೆ ಅಂತ ಇಲ್ಲಿ ಅನೇಕರು ಕೂಗಾಡಿದರು. ಹಾಸ್ಪಿಟಲ್ ಸ್ಟ್ರೀಟಿನ ಆ 22,000 ಜನರ ಮೇಲೆ ಪೆಟ್ರೋಲ್ ಬಂಕು ಕಟ್ಟಿದಾಗ ಇತಿಹಾಸ ಅಳಿಯಲಿಲ್ಲವೇ ಅಂತ ನನಗೆ ಕೇಳಬೇಕೆನಿಸುತ್ತದೆ.

ದುಡ್ಡಿನ ವಿಷಯ ಇನ್ನೂ ನೋವು ಕೊಡುವಂಥದ್ದು. ದಕ್ಷಿಣದ ಪರ ಹೋರಾಡಿ ಸತ್ತ ಸೈನಿಕರ ಸಮಾಧಿ ನೋಡಿಕೊಳ್ಳಲು ವರ್ಜೀನಿಯಾ ಸರ್ಕಾರ 20ನೇ ಶತಮಾನದ ಶುರುವಿನಿಂದಲೇ ಹಣ ಕೊಡುತ್ತಾ ಬಂತು. ರಿಚ್ಮಂಡಿನ ಎವರ್‌ಗ್ರೀನ್ ಮತ್ತು ಈಸ್ಟ್ ಎಂಡ್ ಎಂಬ ಕಪ್ಪು ಜನರ ಸ್ಮಶಾನಗಳು ಮಾತ್ರ ಕಾಡು ಬೆಳೆದು ಬಳ್ಳಿಗಳಡಿ ಮುಚ್ಚಿಹೋಗಿದ್ದವು. ಮ್ಯಾಗಿ ವಾಕರ್ ಅವರನ್ನು ಹೂತದ್ದು ಆ ಎವರ್‌ಗ್ರೀನ್‌ನಲ್ಲೇ. ಭಾನುವಾರ ಕುಡುಗೋಲು ಹಿಡಿದು ಬಂದ ಸ್ವಯಂಸೇವಕರು ಕಲ್ಲು ಕಲ್ಲಾಗಿ ಬಿಡಿಸಬೇಕಾಯಿತು. ಕಪ್ಪು ಜನರ ಹಳೆಯ ಸಮಾಧಿಗಳಿಗೂ ತಲಾ 5 ಡಾಲರ್‌ನಂತೆ ಕೊಡುವ ಕಾನೂನು ಬಂದದ್ದು 2017ರಲ್ಲಿ.

ಇಷ್ಟೆಲ್ಲ ಆದಮೇಲೂ ಈ ದೇಶದಿಂದ ಕಲಿಯಬೇಕಾದ್ದು ಇದೆ ಅಂತಲೇ ನಾನು ಹೇಳುತ್ತೇನೆ. ಶಾಕೋ ಹಿಲ್ ಎದುರಿನ ಕಪ್ಪು ಜನರ ಸ್ಮಶಾನದಲ್ಲಿ ಹೂತವರ ವಂಶದವರು ಹಳೇ ಕಡತ, ಪತ್ರಿಕೆ, ನಕ್ಷೆ ಹುಡುಕಿ ಹುಡುಕಿ ಸ್ಮಶಾನದ ಎಲ್ಲೆ ಎಲ್ಲಿತ್ತು ಅಂತ ತೋರಿಸಿಕೊಟ್ಟರು. ಕಲ್ಲಿಲ್ಲದಿದ್ದರೂ ಜಾಗ ಇದೆ, ಒಳಗೆ ಜನ ಇದ್ದಾರೆ ಅನ್ನುವುದನ್ನು ಪಟ್ಟಿ ಮಾಡುವವರು ಕೊನೆಗೆ ಒಪ್ಪಿದರು. ಪಟ್ಟಿ ಸೇರಿದರೆ ಸುಮ್ನೆ ಒಂದು ಫಲಕ ಬೀಳುತ್ತದೆ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ ದುಡ್ಡಿನ ರಸ್ತೆಯೋ ರೈಲೋ ಬರುವುದಾದರೆ ಅದಕ್ಕೂ ಮುಂಚೆ ಈ ಜಾಗಕ್ಕೆ ಏನು ಹಾನಿ ಅಂತ ಲೆಕ್ಕ ಹಾಕಬೇಕು, ನಂಟಿದ್ದವರ ಮಾತು ಕೇಳಬೇಕು. ಕೆಲಸ ನಿಂತೇಬಿಡುತ್ತದೆ ಅಂತೇನಿಲ್ಲ. ಆದರೆ ಗುಟ್ಟಾಗಿ ಅಗೆಯಲು ಆಗುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಮಾಂಟ್‌ಪಿಲಿಯರ್. ಅಧ್ಯಕ್ಷರಾಗಿದ್ದ ಜೇಮ್ಸ್ ಮ್ಯಾಡಿಸನ್ ಅವರ ಎಸ್ಟೇಟು ಅದು, ಇದೇ ರಾಜ್ಯದಲ್ಲಿದೆ. ಅಲ್ಲಿ ದುಡಿದ ಗುಲಾಮರ ವಂಶದವರಿಗೆ ಆಡಳಿತದಲ್ಲಿ ಸಮಪಾಲು ಕೊಡುತ್ತೇವೆ ಅಂತ ಮಂಡಳಿ 2021ರಲ್ಲಿ ಒಪ್ಪಿತು. 2022ರ ಮಾರ್ಚಿನಲ್ಲಿ ಮಾತು ಬದಲಿಸಿತು. ದೇಶವೆಲ್ಲ ಗಲಾಟೆ ಎದ್ದ ಮೇಲೆ, ಮೇ ತಿಂಗಳಲ್ಲಿ, ವಂಶಸ್ಥರ ಸಮಿತಿ ಸೂಚಿಸಿದವರನ್ನು ಮಂಡಳಿಗೆ ಸೇರಿಸಿಕೊಂಡಿತು. ಸ್ಮಾರಕದ ಕಥೆ ಹೇಳುವವರು ಯಾರು, ಖರ್ಚಿನ ಚೆಕ್ಕಿಗೆ ಸಹಿ ಹಾಕುವವರು ಯಾರು ಅನ್ನುವುದು ಇತ್ಯರ್ಥವಾಗದೆ ಒಳಗೆ ಎಷ್ಟು ಚೆನ್ನಾದ ಪ್ರದರ್ಶನ ಇಟ್ಟರೂ ಪ್ರಯೋಜನ ಕಮ್ಮಿ ಅಂತ ನನಗನ್ನಿಸುತ್ತದೆ.

ಇದನ್ನೆಲ್ಲ ನೋಡುವಾಗ ನನ್ನ ತಲೆಯಲ್ಲಿ ಓಡುವುದು ಕೆಜಿಎಫ್. ನಾನು ಬಂಗಾರಪೇಟೆ ಕಡೆಯವನು. ಜಾತಿ ಬೇರೆ, ಇಲ್ಲಿನ ಜನಾಂಗಭೇದ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಹೊರಟಿಲ್ಲ. ಆದರೆ ಯಾರ ನೆನಪು ಉಳಿಯುತ್ತದೆ ಅನ್ನುವ ಪ್ರಶ್ನೆ ಎರಡೂ ಕಡೆ ಒಂದೇ ಥರ ಕೂತಿದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ನಡೆಸಿದ ಗಣಿಗಳಿಗೆ ಇಳಿದವರು ಬಹುಪಾಲು ತಮಿಳು, ತೆಲುಗು ಸೀಮೆಯಿಂದ ಬಂದ ದಲಿತರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಬಂಡೆ ಸಿಡಿದು ಸತ್ತವರ ಹೆಸರು ಎಷ್ಟು ಜನರಿಗೆ ಗೊತ್ತು? ಬೆರಳಚ್ಚು ಕೊಡುವುದಿಲ್ಲ ಅಂತ ಆ ಕಾರ್ಮಿಕರು 1930ರಲ್ಲಿ ಮುಷ್ಕರ ಹೂಡಿದ್ದು? ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಸಂಘದ ಶಾಖೆಯೊಂದು 20ನೇ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಇದ್ದದ್ದು?

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಜಿಎಫ್ ನೋಡಲು ಬಂದವರು ಬ್ರಿಟಿಷರ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನದ ಫೋಟೋ ತೆಗೆಯುತ್ತಾರೆ. ಅವು ಗಟ್ಟಿ ಕಟ್ಟಡಗಳು, ಮೂಲ ರೂಪದಲ್ಲೇ ಇವೆ. ಕಾರ್ಮಿಕರ ಲೈನ್ ಮನೆಗಳು ಹಾಗಿಲ್ಲ. ಬಗ್ಗಿ ಒಳಗೆ ಹೋಗಬೇಕಾದ ಬಾಗಿಲು, ಇಕ್ಕಟ್ಟಾದ ಕೋಣೆ, ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ. ತಟ್ಟಿ ಗೋಡೆ ಕೆಟ್ಟಾಗ ಇಟ್ಟಿಗೆ ಕಟ್ಟಿಕೊಂಡರು, ಮಳೆ ಸೋರಿದಾಗ ಶೀಟು ಹೊದಿಸಿದರು. ಬದುಕಲು ಮಾಡಿಕೊಂಡ ರಿಪೇರಿಯೇ ಮೂಲ ರೂಪ ಹಾಳು ಅನ್ನುವುದಕ್ಕೆ ಕಾರಣವಾದರೆ ಅದೆಂಥ ನ್ಯಾಯ? ನಮ್ಮ ದೇಶದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಕನಿಷ್ಠ 100 ವರ್ಷ ಹಳತಾಗಿರಬೇಕು ಅನ್ನುತ್ತದೆ. ಲೈನ್ ಮನೆಯಂಥವು ಅಷ್ಟು ಕಾಲ ಬಾಳುವುದೇ ಕಷ್ಟ. ಜನ ಇನ್ನೂ ವಾಸವಿರುವ ಜಾಗವಾದರೆ ಮೊದಲು ನೆನಪಾಗುವುದು ತೆರವು. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಮಂಟಪ ಉಳಿಸಲು ಅಲ್ಲೇ ಬದುಕಿದ್ದ ಕುಟುಂಬಗಳನ್ನು ಎಬ್ಬಿಸಿದ್ದು ಹಾಗೆಯೇ ಅಲ್ವಾ.

ಈ ವಿಷಯದಲ್ಲಿ ನಮ್ಮ ಹಿರಿಯರ ಕೈ ಅಮೆರಿಕದವರಿಗಿಂತ ದೊಡ್ಡದಿತ್ತು. ಊರಿನ ದನ ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿ, ಅವನ ಹೆಸರು ಬರೆಸಿದ ನಾಡು ನಮ್ಮದು. ಹೆಬ್ಬಾಳದ ಕಿತ್ತಯ್ಯನ ಕಲ್ಲು 2018ರಲ್ಲಿ ಬೆಳಕಿಗೆ ಬಂದಾಗ ಬೆಂಗಳೂರಿನ ಜನ ಮುಂದೆ ನಿಂತು ಉಳಿಸಿಕೊಂಡರು. ಸುಮಾರು ಕ್ರಿ.ಶ. 750ರ ಕಾಲದವನಿಗೆ ತೋರಿಸಿದ ಆ ಪ್ರೀತಿ ನಮ್ಮ ತಾತಂದಿರ ಕಾಲದ ಗಣಿ ಕಾರ್ಮಿಕನಿಗೆ ಯಾಕೆ ಇಲ್ಲ?

ನಾನು ಕೇಳುವುದು ಜಾಸ್ತಿ ಏನಲ್ಲ. ಚಾಂಪಿಯನ್ ರೀಫ್ಸಿನಲ್ಲಿ ಒಂದು ಸಾಲು ಲೈನ್ ಮನೆಯನ್ನು, ಅಲ್ಲಿರುವವರನ್ನು ಎಬ್ಬಿಸದೆ, ಅವರ ರಿಪೇರಿಗಳ ಸಮೇತ, ರಾಜ್ಯ ಸರ್ಕಾರ ರಕ್ಷಿತ ತಾಣ ಅಂತ ಘೋಷಿಸಲಿ. ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಅರ್ಧದಷ್ಟು ಜಾಗ ಗಣಿ ಕುಟುಂಬಗಳಿಗಿರಲಿ, ಹಣದ ತೀರ್ಮಾನವೂ ಅವರ ಕೈಯಲ್ಲಿರಲಿ. ಗಣಿಯಲ್ಲಿ ಸತ್ತವರ ಹೆಸರನ್ನು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಲಿ, ಹೇಳಬಲ್ಲ ವಯಸ್ಸಾದವರು ಇನ್ನೂ ಇದ್ದಾರೆ. ಆ ಹೆಸರುಗಳು ಕನ್ನಡದ ಜೊತೆಗೆ ತಮಿಳಿನಲ್ಲೂ ತೆಲುಗಿನಲ್ಲೂ ಇರಲಿ. ಹೊರನಾಡಿನಲ್ಲಿ ನನ್ನ ಭಾಷೆಗೆ ಒಂದಿಷ್ಟು ಜಾಗ ಸಿಗಲಿ ಅಂತ ಆಸೆಪಡುವ ನಾನು ನಮ್ಮೂರಲ್ಲಿ ಅವರ ಭಾಷೆಗೆ ಅಷ್ಟಾದರೂ ಕೇಳಲೇಬೇಕು.