ರೂಫನ ತಾಯಿಯ ಹೆಸರೇನು?

ನಮ್ಮ ಭಾಗದ ಚರ್ಚೊಂದರ ಸ್ಮರಣ ಸಂಚಿಕೆ ಇತ್ತೀಚೆಗೆ ಕೈಗೆ ಬಂತು. ದಪ್ಪ ಕಾಗದ, ಬಣ್ಣದ ಮುದ್ರಣ. ಮೊದಲು ಬಿಷಪ್ಪರು, ನಂತರ ಇದುವರೆಗೆ ಸೇವೆ ಮಾಡಿದ ಪಾಸ್ಟರುಗಳು, ಆಮೇಲೆ ದಾನಿಗಳು, ಅವರವರು ಕೊಟ್ಟ ಮೊತ್ತದ ಸಮೇತ. ಹೆಂಗಸರ ಪಾಲಿಗೆ ಬಂದದ್ದು ಮಹಿಳಾ ಸಂಘದ ಒಂದು ಗುಂಪು ಫೋಟೊ. ಕೆಳಗೆ ಒಂದು ಹೆಸರೂ ಇಲ್ಲ. ಶಾಮಿಯಾನ ಹಾಕಿಸಿದವರ ಹೆಸರು ಮಾತ್ರ ಎರಡು ಕಡೆ ಇದೆ.

ಸಿಟ್ಟು ಬಂದದ್ದು ನಿಜ. ಬಿಷಪ್ಪರ ಮೇಲಲ್ಲ, ನಾವು ಕೃತಜ್ಞತೆ ಸಲ್ಲಿಸುವ ಕ್ರಮದ ಮೇಲೆ. ಈಗ ಕಲಬುರಗಿಯಲ್ಲಿದ್ದರೂ ನಾನು ಹುಟ್ಟಿ ಬೆಳೆದದ್ದು ಹುಮನಾಬಾದ್ ತಾಲ್ಲೂಕಿನ ಹಳ್ಳಿಯ, ಮೆಥಡಿಸ್ಟ್ ಪಂಗಡದ ಕ್ರೈಸ್ತ ಮನೆಯಲ್ಲಿ. ನನ್ನನ್ನು ಕ್ರೈಸ್ತಳನ್ನಾಗಿ ಮಾಡಿದವರು ಯಾರು ಎಂದು ಲೆಕ್ಕ ಹಾಕಿದರೆ, ಅಂಥ ಸಂಚಿಕೆಗಳಲ್ಲಿ ಫೋಟೊ ಬರುವವರು ಬಹಳ ಕೆಳಗೆ ಬರುತ್ತಾರೆ.

ಮೊದಲು ನಮ್ಮ ಆಯಿ, ಅಂದರೆ ಅಜ್ಜಿ. ಅಕ್ಷರ ಬಾರದವಳು. ಆದರೆ ಸಂಜೆ ನಾನು ಸತ್ಯವೇದ, ಅಂದರೆ ಬೈಬಲ್, ಓದುವಾಗ ಆಟಕ್ಕೆ ಹೋಗುವ ಅವಸರದಲ್ಲಿ ಒಂದು ವಚನ ನುಂಗಿದರೆ ಸಾಕು, ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲುತ್ತಿತ್ತು. "ನಡುವಿನದ್ದು ಎಲ್ಲಿ ಹೋಯಿತು?" ಎಂದು ಕೇಳುತ್ತಿದ್ದಳು. ನಾನು ಮತ್ತೆ ಮೇಲಿನಿಂದ ಓದಬೇಕು. ಅವಳ ಪ್ರಾರ್ಥನೆಗೆ ಒಂದು ದಾರಿ ಇತ್ತು. ಓಣಿಯ ಈ ತುದಿಯ ಮನೆಯಿಂದ ಹೊರಟು ಆ ತುದಿಯವರೆಗೆ, ಒಂದೊಂದು ಮನೆಯ ಹೆಸರು ಹಿಡಿದು ನಡೆಯುತ್ತಿದ್ದಳು. ಯಾರ ಮಗಳಿಗೆ ದಿನ ತುಂಬಿದೆ, ಯಾರ ಎಮ್ಮೆ ಮೇವು ಬಿಟ್ಟಿದೆ, ಯಾರ ಮಗ ಹೈದರಾಬಾದಿಗೆ ಹೋದವನು ಸುದ್ದಿ ಇಲ್ಲದೆ ಕುಳಿತಿದ್ದಾನೆ, ಎಲ್ಲ ದೇವರಿಗೆ ವರದಿ. ಅದರಲ್ಲಿ ಕ್ರೈಸ್ತರು, ಕ್ರೈಸ್ತರಲ್ಲದವರು ಎಂಬ ವಿಂಗಡಣೆ ಇರಲಿಲ್ಲ. ಆಕೆಯ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ಮನೆಯೂ ಸರದಿಯಲ್ಲಿ ಬರುತ್ತಿತ್ತು. ಆ ಮನೆಯ ಮುಂದೆ ಮಾತ್ರ ದನಿ ಸ್ವಲ್ಪ ಗಡುಸಾಗುತ್ತಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ದಿನಾ ಹಿಟ್ಟು ನಾದುವ ಮುಂಚೆ ಒಂದು ಹಿಡಿ ಜೋಳದ ಹಿಟ್ಟನ್ನು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಭಾನುವಾರ ಅದು ಚರ್ಚಿಗೆ ಹೋಗುತ್ತಿತ್ತು, ಅಲ್ಲಿಂದ ಪಾಸ್ಟರ ಮನೆಗೋ ಓಣಿಯ ಒಬ್ಬಂಟಿ ಮುದುಕಿಗೋ. ಹಾಲಿನ ಪುಡಿಗೆ, ಗೋಧಿಗೆ ಆಸೆಪಟ್ಟು ಧರ್ಮ ಬಿಟ್ಟವರು ಎಂದು ನಮ್ಮನ್ನು ಛೇಡಿಸುವವರು ಇಂದಿಗೂ ಇದ್ದಾರೆ. ಬರಗಾಲದಲ್ಲಿ ಮಿಷನ್ನಿನವರು ಕಾಳು ಹಂಚಿದ್ದುಂಟು, ಹಸಿದವರು ತೆಗೆದುಕೊಂಡದ್ದೂ ಉಂಟು. ಅದರಲ್ಲಿ ನಾಚಿಕೊಳ್ಳುವಂಥದ್ದು ನನಗೇನೂ ಕಾಣುವುದಿಲ್ಲ. ಆದರೆ ನಾನು ಕಣ್ಣಾರೆ ಕಂಡದ್ದು, ನಮ್ಮ ಮನೆಯ ಹಿಟ್ಟು ಚರ್ಚಿಗೆ ಹೋಗುವುದನ್ನು. ಊರ ಬಾವಿಯ ಹತ್ತಿರ ಸೇರಿಸದ ಕೇರಿಯ ಜನ ತಮ್ಮ ಹೊಟ್ಟೆಯ ಪಾಲಿನಿಂದ ಒಂದು ಹಿಡಿ ಎತ್ತಿ ಇನ್ನೊಬ್ಬರಿಗೆ ಕೊಡುವ ಸ್ಥಾನಕ್ಕೆ ಬಂದರಲ್ಲ, ಆ ಘನತೆಯ ಹಿಂದೆ ಯಾವ ಪುಡಿಯ ಡಬ್ಬಿ ಇತ್ತು?

ಪಾಸ್ಟರುಗಳನ್ನು ಮರೆತೆನೆಂದಲ್ಲ. ಆದರೆ ಮೆಥಡಿಸ್ಟರಲ್ಲಿ ಪಾಸ್ಟರು ಒಂದೇ ಕಡೆ ನೆಲೆಯೂರುವುದಿಲ್ಲ. ವಾರ್ಷಿಕ ಕಾನ್ಫರೆನ್ಸಿನಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ. ಹೆಸರು ಬಂದವರು ಗಂಟುಮೂಟೆ ಕಟ್ಟಬೇಕು. ಒಳ್ಳೆಯವರೂ ಹೋಗುತ್ತಾರೆ, ಬೇಗ ಹೋದರೆ ಸಾಕು ಎನಿಸಿದವರೂ ಹೋಗುತ್ತಾರೆ. ಹೋಗದೆ ಉಳಿಯುವವರು ಆಯಿಯಂಥವರು, ಸಂಡೇ ಸ್ಕೂಲಿನ ಅಕ್ಕಂದಿರು, ಬಾಗಿಲು ತೆಗೆದು ಗಂಟೆ ಬಾರಿಸುವ ಮುತ್ಯಾ. ಮಕ್ಕಳ ಬಾಯಿಗೆ ಮೊದಲ ಪ್ರಾರ್ಥನೆ ಇಡುವವರು ಅವರೇ.

ಮಿಷನರಿಗಳ ಋಣವೂ ದೊಡ್ಡದು. ಬೀದರಿನ ಮಂಗಲಪೇಟೆಯಲ್ಲಿ ನಾರ್ಮಾ ಫೆಂಡ್ರಿಕ್ ಹೆಸರಿನ ಶಾಲೆ ಇದೆ. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಗೆ ಆ ಹೆಸರು ಬಂದದ್ದು ಅಮೆರಿಕದ ಟೆನೆಸಿ ಕಡೆಯ ಹೋಲ್ಸ್ಟನ್ ಮೆಥಡಿಸ್ಟ್ ಸಭೆಗಳಿಂದ. ನಮ್ಮ ಜನ ಅದನ್ನು ಮಿಷನ್ ದವಾಖಾನೆ ಎಂದೇ ಕರೆದರು. ಹಣ ಕಳಿಸಿದವರ ಹೆಸರು ಕಟ್ಟಡದ ಮೇಲಿರುವುದು ನ್ಯಾಯವೇ. ರಾತ್ರಿಯಿಡೀ ನಿಂತು ಹೆರಿಗೆ ಮಾಡಿಸಿದ ನಮ್ಮ ಕಡೆಯ ನರ್ಸಮ್ಮಂದಿರ ಹೆಸರು ಮಾತ್ರ ಬಾಣಂತಿಯರ ನೆನಪಿನಲ್ಲಿತ್ತು, ಆ ಬಾಣಂತಿಯರ ಜೊತೆಗೇ ಹೋಯಿತು.

ಕನ್ನಡ ಬೈಬಲ್ಲಿನ ಕಥೆಯೂ ಹೀಗೆಯೇ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಅಂಥವರ ಪಕ್ಕದಲ್ಲಿ ಕುಳಿತು ಈ ಮಾತು ಕನ್ನಡಕ್ಕೆ ಹೊಂದುತ್ತದೆ, ಇದು ಹೊಂದುವುದಿಲ್ಲ ಎಂದು ತಿದ್ದಿದ ಮುನ್ಷಿಗಳನ್ನು, ಪಂಡಿತರನ್ನು ಯಾವ ಭಾನುವಾರ ನೆನೆದಿದ್ದೇವೆ? 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆದ ನಮ್ಮ ಭಾಗದಲ್ಲಿ, ಎಷ್ಟೋ ಕೇರಿಯ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದಿದ್ದು ಅದೇ ಬೈಬಲ್ಲಿನ ಮೇಲೆ ಬೆರಳಿಟ್ಟು.

ಅದೇ ನೆಲದಲ್ಲಿ, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ರೆವರೆಂಡ್ ಉತ್ತಂಗಿ ಚನ್ನಪ್ಪನವರು, ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದವರು. ಅನುಭವ ಮಂಟಪ ಇತಿಹಾಸದಲ್ಲಿ ನಿಜವಾಗಿ ಇತ್ತು ಎಂದು ವಾದಿಸಿ ಬರೆದವರು. ನಮ್ಮ ಬಸವಕಲ್ಯಾಣದ ಪರವಾಗಿ ಒಬ್ಬ ಪಾದ್ರಿ ಲೇಖನಿ ಹಿಡಿದಿದ್ದರು ಎಂಬ ಸಂಗತಿಯನ್ನು ನಾನು ಕೇಳಿದ್ದು ಚರ್ಚಿನಲ್ಲಲ್ಲ, ಕಾಲೇಜಿನ ಕನ್ನಡ ಪಾಠದಲ್ಲಿ. ಹೇಳಿದವರು ಲಿಂಗಾಯತ ಮೇಷ್ಟ್ರು. "ನಿಮ್ಮವರೇ ಕಣಮ್ಮ, ನಿನಗೇ ಗೊತ್ತಿಲ್ಲವೇ?" ಎಂದು ನಕ್ಕಿದ್ದರು. ಕ್ರೈಸ್ತಳಾಗಿರಲು ಕನ್ನಡದಿಂದ, ಕಲ್ಯಾಣದಿಂದ ದೂರ ನಿಲ್ಲಬೇಕಾಗಿಲ್ಲ ಎಂಬ ಧೈರ್ಯ ನನಗೆ ಬಂದದ್ದು ಆ ತರಗತಿಯಲ್ಲಿ. ಹಾಗಾದರೆ ನನ್ನ ನಂಬಿಕೆಯನ್ನು ರೂಪಿಸಿದವರ ಪಟ್ಟಿಯಲ್ಲಿ ಆ ಮೇಷ್ಟ್ರಿಗೂ ಜಾಗ ಇರಬೇಕಲ್ಲವೇ?

ನಮ್ಮ ಊರಿನ ಹಾರ್ಮೋನಿಯಂ ಕಾಕಾನಿಗೂ ಇರಬೇಕು. ಶ್ರಾವಣದಲ್ಲಿ ಮಠದ ಭಜನೆಗೆ ನುಡಿಸುತ್ತಿದ್ದವರು, ಡಿಸೆಂಬರಿನಲ್ಲಿ ನಮ್ಮ ಕ್ರಿಸ್ಮಸ್ ಹಾಡುಗಳಿಗೆ ನುಡಿಸುತ್ತಿದ್ದರು. ಪೆಟ್ಟಿಯೂ ಅದೇ, ಕಾಕಾನೂ ಅವರೇ. ಎಷ್ಟೋ ಹಾಡಿಗೆ ಧಾಟಿಯೂ ಅದೇ, ಇದನ್ನು ಮೆಲ್ಲಗೆ ಹೇಳುತ್ತಿದ್ದೇನೆ. ಈಗಿನ ಕೆಲವು ಯುವಕರು ಕೀಬೋರ್ಡ್ ಮತ್ತು ದೊಡ್ಡ ಸ್ಪೀಕರ್ ಇಲ್ಲದೆ ಆರಾಧನೆಯೇ ಆಗದು ಎನ್ನುತ್ತಾರೆ. ಆಗಲಿ, ನುಡಿಸಲಿ. ತೆಲಂಗಾಣದಲ್ಲಿ ನಡೆಯುವ ಮೆಥಡಿಸ್ಟರ ಧಾರೂರು ಜಾತ್ರೆಗೆ ಒಮ್ಮೆ ಹೋಗಿ, ಬಯಲಿನ ಡೇರೆಗಳಲ್ಲಿ ರಾತ್ರಿ ಮುದುಕಿಯರು ಬರೀ ತಾಳ ಹಿಡಿದು ಹಾಡುವುದನ್ನು ಕೇಳಿದ ಮೇಲೆ ಈ ಬಗ್ಗೆ ನನ್ನ ಜೊತೆ ವಾದಕ್ಕೆ ಬರಲಿ.

ಹೆಸರು ಹಿಡಿದು ಕೃತಜ್ಞತೆ ಹೇಳುವುದು ಹೇಗೆಂದು ತಿಳಿಯಲು ಬೇರೆಲ್ಲೂ ಹುಡುಕಬೇಕಿಲ್ಲ. ಬೈಬಲ್ಲಿನಲ್ಲಿ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, 16ನೇ ಅಧ್ಯಾಯ ಇದೆ. ನಾವೆಲ್ಲ ಹಾರಿಸಿ ಮುಂದೆ ಹೋಗುವ ಅಧ್ಯಾಯ ಅದು. ಹದಿನೈದು ಅಧ್ಯಾಯ ಗಹನವಾದ ಬೋಧನೆ ಮಾಡಿದ ಪೌಲನು ಕೊನೆಯಲ್ಲಿ ಕುಳಿತು ಹೆಸರುಗಳನ್ನು ಎಣಿಸುತ್ತಾನೆ: ಕೆಂಖ್ರೆಯ ಫೊಯಿಬೆ, ಪ್ರಿಸ್ಕ, ಅಕ್ವಿಲ, ಮರಿಯ, ಇನ್ನೂ ಅನೇಕರು. ಅವನು ಹೇಳಿದ್ದನ್ನು ಬರೆದುಕೊಂಡ ತೆರ್ತ್ಯನೂ ನಡುವೆ ತಾನೇ ತನ್ನ ವಂದನೆ ಸೇರಿಸಿಬಿಡುತ್ತಾನೆ. ಆ ಧೈರ್ಯ ನನಗೆ ಬಹಳ ಹಿಡಿಸುತ್ತದೆ. ರೂಫನ ತಾಯಿಗೂ ಅಲ್ಲಿ ವಂದನೆ ಇದೆ, ಆಕೆ ತನಗೂ ತಾಯಿಯೇ ಎನ್ನುತ್ತಾನೆ ಪೌಲ. ಅಷ್ಟೆಲ್ಲ ಹೇಳಿ ಆಕೆಯ ಹೆಸರನ್ನೇ ಬರೆಯುವುದಿಲ್ಲ! ಊಟ ಹಾಕಿದಳೋ, ಕಾಯಿಲೆಯಲ್ಲಿ ನೋಡಿಕೊಂಡಳೋ, ಬೈದು ಬುದ್ಧಿ ಹೇಳಿದಳೋ, ಏನೂ ತಿಳಿಯದು. ಪೌಲನ ಪಟ್ಟಿಯಲ್ಲೇ ಹೀಗಾದರೆ ನಮ್ಮ ಸಂಚಿಕೆಯವರನ್ನು ಎಷ್ಟೆಂದು ಬೈಯಲಿ.

ಆದರೂ ಪೌಲನಿಗಿಲ್ಲದ ಅನುಕೂಲಗಳು ನಮಗಿವೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮುಂದೆ ಕುಳಿತು, ನಿನಗೆ ಮೊದಲ ಪ್ರಾರ್ಥನೆ ಕಲಿಸಿದವರು ಯಾರು ಎಂದು ಕೇಳಿ ದನಿ ಮುದ್ರಿಸಿಕೊಳ್ಳಲು ಏನು ಅಡ್ಡಿ? ಹಳೆಯ ದೀಕ್ಷಾಸ್ನಾನದ ರಿಜಿಸ್ಟರುಗಳು ಬೀರುವಿನಲ್ಲಿ ಗೆದ್ದಲು ಹಿಡಿಯುವ ಮೊದಲು ಅವುಗಳ ಫೋಟೊ ತೆಗೆಯಬಹುದು. ಈಸ್ಟರಿಗೆ ಸಮಾಧಿಗಳಿಗೆ ಸುಣ್ಣ ಬಳಿಯುವಾಗ ಮಾಸಿದ ಅಕ್ಷರಗಳ ಮೇಲೆ ಕಪ್ಪು ಬಣ್ಣವನ್ನೂ ಹಚ್ಚಬಹುದು. ಎಷ್ಟೋ ಸಲ ಸುಣ್ಣವೇ ಹೆಸರನ್ನು ಮುಚ್ಚಿಹಾಕಿರುತ್ತದೆ. ಬದುಕಿರುವವರಿಗಂತೂ ಎದುರಿಗೇ ಹೋಗಿ ಹೇಳಬೇಕು. ಕಾಲೇಜಿನ ಮೇಷ್ಟ್ರಿಗೆ ನಾನು ಫೋನ್ ಮಾಡಿ ಹೇಳಿದೆ. ಅವರಿಗೆ ಆ ಪಾಠದ ನೆನಪೇ ಇರಲಿಲ್ಲ, "ಉತ್ತಂಗಿಯವರ ಬಗ್ಗೆ ಹೇಳಿದ್ದೆನೇ? ಒಳ್ಳೆಯದಾಯಿತು ಬಿಡು" ಎಂದು, ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೋ ಇಲ್ಲವೋ ಎಂದು ವಿಚಾರಿಸತೊಡಗಿದರು. ಆ ವಿಷಯ ಇಲ್ಲಿ ಬೇಡ.

ನವೆಂಬರಿನಲ್ಲಿ ಸರ್ವ ಭಕ್ತರ ದಿನದ ಆರಾಧನೆಯಲ್ಲಿ, ನಮ್ಮ ಸಭೆಯಲ್ಲಿ ಪ್ರಾರ್ಥನೆ ಕಲಿಸಿದ, ಕಸ ಗುಡಿಸಿದ, ಗಂಟೆ ಬಾರಿಸಿದ, ಹಿಟ್ಟು ಕೊಟ್ಟ ಜನರ ಹೆಸರುಗಳನ್ನು ಗಟ್ಟಿಯಾಗಿ ಓದಬೇಕೆಂದು ಪಾಸ್ಟರೇಟ್ ಕಮಿಟಿಯ ಮುಂದೆ ಕೇಳಿದ್ದೇನೆ. ಪಾಸ್ಟರಮ್ಮನವರು ಕೂಡಲೇ ಒಪ್ಪಿ ತಮ್ಮ ಅತ್ತೆಯ ಹೆಸರು ಬರೆಸಿದರು. ಹಿರಿಯ ಸದಸ್ಯರೊಬ್ಬರು ಇದಕ್ಕೆಲ್ಲ ಬಜೆಟ್ ಎಷ್ಟಾಗುತ್ತದೆ ಎಂದು ಕೇಳಿದರು. ಮುಂದಿನ ಸಭೆಯಲ್ಲಿ ಅಂದಾಜು ಪಟ್ಟಿ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ.