ಪಹಣಿ ಇಲ್ಲದವರ ಬ್ಯಾರಕ್

2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರ ಜೈಲಿನ ಒಳಗಿಂದ ನಟ ದರ್ಶನ್‌ದು ಒಂದು ಫೋಟೊ ಹೊರಬಿತ್ತಲ್ಲ, ಕುರ್ಚಿ, ಮಗ್ಗು, ಸಿಗರೇಟು, ಅವತ್ತಿನಿಂದ ಜೈಲು ಅಂದರೆ ನಮ್ಮ ಜನಕ್ಕೆ ವಿಐಪಿ ಬ್ಯಾರಕ್ ಒಂದೇ ನೆನಪಾಗುತ್ತದೆ. ಸಿಟ್ಟು ಬರಬೇಕಾದ್ದೇ, ಬರಲಿ. ಮಿಕ್ಕ ಬ್ಯಾರಕ್‌ಗಳಲ್ಲಿ ಯಾರಿದ್ದಾರೆ ಅಂತ ಮಾತ್ರ ಯಾರೂ ಕೇಳಲಿಲ್ಲ.

1894ರ ಕಾರಾಗೃಹ ಕಾಯ್ದೆ ಕೈದಿಗಳನ್ನು ವಿಂಗಡಿಸುವ ರೀತಿ ಸರಳವಾಗಿದೆ. ಹೆಂಗಸರು ಬೇರೆ, ಗಂಡಸರು ಬೇರೆ. ಚಿಕ್ಕ ವಯಸ್ಸಿನವರು ಬೇರೆ. ಸಾಲದಂಥ ಸಿವಿಲ್ ವ್ಯಾಜ್ಯಕ್ಕೆ ಒಳಗೆ ಬಂದ ಸಿವಿಲ್ ಕೈದಿಗಳು ಬೇರೆ. ಶಿಕ್ಷೆಯಾದವರು ಬೇರೆ, ವಿಚಾರಣಾಧೀನರು ಬೇರೆ. ವಿಚಾರಣಾಧೀನ ಕೈದಿ ಸ್ವಂತ ಬಟ್ಟೆ ಹಾಕಿಕೊಳ್ಳಬಹುದು, ಅನುಮತಿ ಪಡೆದು ಹೊರಗಿಂದ ಊಟ ತರಿಸಬಹುದು, ದುಡಿಯಲೇಬೇಕು ಅಂತಿಲ್ಲ. ಯಾಕಂದ್ರೆ ಅವನ ತಪ್ಪು ಇನ್ನೂ ಸಾಬೀತಾಗಿಲ್ಲ. ಓದೋಕೆ ಚೆನ್ನಾಗಿದೆ, ಅಲ್ವಾ?

ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಸಜೆಯಾದವನಿಗೆ ಕೆಲಸ ಇದೆ, ಕೂಲಿ ಇದೆ, ಪೆರೋಲ್ ಇದೆ, ಸನ್ನಡತೆ ಅಂತ ಬೇಗ ಬಿಡುವುದೂ ಇದೆ, ಗೋಡೆ ಮೇಲೆ ಗೀಟು ಹಾಕಿಕೊಂಡು ದಿನ ಎಣಿಸಬಹುದು. ತಪ್ಪು ಸಾಬೀತಾಗದವನಿಗೆ ಎಣಿಸೋಕೆ ಒಂದು ತಾರೀಕೂ ಇಲ್ಲ!

ಜಾತಿ ನೋಡಿ ಕೆಲಸ ಹಂಚುವ ನಿಯಮಗಳೂ ಎಷ್ಟೋ ರಾಜ್ಯಗಳ ಜೈಲು ಕೈಪಿಡಿಯಲ್ಲಿದ್ದವು, ಅಡುಗೆಗೆ ಒಬ್ಬರು, ಕಕ್ಕಸು ತೊಳೆಯೋಕೆ ಇನ್ನೊಬ್ಬರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅವನ್ನೆಲ್ಲ ರದ್ದು ಮಾಡಿ, ರಿಜಿಸ್ಟರಿನ ಜಾತಿ ಕಾಲಂ ಅಳಿಸಿ ಅಂದಿತು. ಒಳ್ಳೆಯದಾಯಿತು. ಆದರೆ ಆಸ್ತಿ ನೋಡಿ ಮಾಡುವ ವಿಂಗಡಣೆಗೆ ಯಾವ ರಿಜಿಸ್ಟರಿನಲ್ಲೂ ಕಾಲಂ ಇಲ್ಲ, ಅಳಿಸೋದು ಏನನ್ನ?

ನಮ್ಮ ಕಡೆಯ ಹುಡುಗನೊಬ್ಬ ಜಗಳದ ಕೇಸಿನಲ್ಲಿ ಒಳಗೆ ಹೋದ. ಜಾಮೀನೂ ಸಿಕ್ಕಿತು. ಆದರೆ ಶ್ಯೂರಿಟಿಗೆ, ಅಂದರೆ ಇವನು ಕೋರ್ಟಿಗೆ ಬರ್ತಾನೆ ಅಂತ ಹೊಣೆ ನಿಲ್ಲೋಕೆ, ಜಮೀನಿನ ಪಹಣಿ ಬೇಕು, ಇವರ ಒಂದೂವರೆ ಎಕರೆಯ ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು, ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿರಲಿಲ್ಲ. ಅವನ ಅಪ್ಪ ಊರೆಲ್ಲ ಸುತ್ತಿದರು. "ನಿಮ್ ಹುಡ್ಗ ಓಡಿಹೋದ್ರೆ ಕೋರ್ಟಿಗೆ ನಾನ್ ಅಲೀಬೇಕಾ ಗೌಡ್ರೇ?" ಅಂದವರೇ ಜಾಸ್ತಿ. ಕೊನೆಗೆ ದೂರದ ನೆಂಟರೊಬ್ಬರು ಒಪ್ಪಿದರು. ಜಾಮೀನು ಸಿಕ್ಕಮೇಲೂ 18 ದಿನ ಅವನು ಒಳಗೇ ಇದ್ದ. ಆ ಹದಿನೆಂಟು ದಿನ ಯಾವ ಅಪರಾಧಕ್ಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

2024ರ ಜುಲೈ 1ರಿಂದ ಬಂದಿರುವ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಒಂಚೂರು ಪರವಾಗಿಲ್ಲ. ಹಿಂದೆ ಶಿಕ್ಷೆಯಾಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಸ್ವಂತ ಬಾಂಡ್ ಮೇಲೆ ಬಿಡಬೇಕು, ಶ್ಯೂರಿಟಿ ಬೇಡ. ಜೈಲು ಸೂಪರಿಂಟೆಂಡೆಂಟೇ ಕೋರ್ಟಿಗೆ ಬರೆಯಬೇಕು. ಗಲ್ಲು, ಜೀವಾವಧಿಯ ಕೇಸುಗಳಿಗೆ ಇದಿಲ್ಲ, ಸರಿ. ಆದರೆ ಒಂದಕ್ಕಿಂತ ಜಾಸ್ತಿ ಕೇಸು ಇದ್ದರೂ ಇಲ್ಲವಂತೆ. ಠಾಣೆ ಮೆಟ್ಟಿಲು ಹತ್ತಿ ಗೊತ್ತಿರುವವರು ಹೇಳಿ, ಬಡವನ ಮೇಲೆ ಎರಡನೇ ಕೇಸು ಬೀಳೋಕೆ ಎಷ್ಟು ಹೊತ್ತು ಬೇಕು?