ದೇವರಮನೆ ಗುಡ್ಡದ ಮೇಲೊಂದು ರಿಪೀಟರ್ ಬೇಕು

2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡ ಕುಸಿದಾಗ ನಾನು ಇಲ್ಲಿ ನಾರ್ತ್ ಕೆರೊಲಿನಾದ ಹಿಕರಿಯಲ್ಲಿ ಕೂತು ಎರಡು ದಿನ ಅಮ್ಮಂಗೆ ಫೋನ್ ಹಚ್ಚಿದ್ದೇ ಹಚ್ಚಿದ್ದು, ರಿಂಗೇ ಆಗ್ಲಿಲ್ಲ. ಕರೆಂಟಿಲ್ಲ, ಟವರ್ ಸತ್ತಿದೆ, ರಸ್ತೆ ಕೊಚ್ಕೊಂಡು ಹೋಗಿದೆ. ಮೂರನೇ ದಿನ ಮಾವ ಕೊಟ್ಟಿಗೆಹಾರದ ತನಕ ನಡ್ಕೊಂಡು ಬಂದು "ಎಲ್ಲ ಆರಾಮಿದೀವಿ ಕಣೋ" ಅಂದಾಗ್ಲೇ ಊಟ ಒಳಗಿಳಿದಿದ್ದು.

ಐದು ವರ್ಷ ಆದ್ಮೇಲೆ, 2024ರ ಸೆಪ್ಟೆಂಬರ್ 27ಕ್ಕೆ, ಹೆಲೀನ್ ಚಂಡಮಾರುತ ಇಲ್ಲಿನ ಬೆಟ್ಟದ ಸೀಮೆಗೆ ಬಡೀತು, ಅದೇ ಕತೆ, ಫೋನಿಲ್ಲ, ರಸ್ತೆ ಇಲ್ಲ. ಆದ್ರೆ ಮೌಂಟ್ ಮಿಚೆಲ್ ಬೆಟ್ಟದ ಮೇಲಿರೋ ಹ್ಯಾಮ್, ಅಂದ್ರೆ ಹವ್ಯಾಸಿ ರೇಡಿಯೋದವರ, ರಿಪೀಟರ್ ಮಾತ್ರ 145.190 ಮೆಗಾಹರ್ಟ್ಸಲ್ಲಿ ಮಾತಾಡ್ತಾನೇ ಇತ್ತು. ಯಾವ ರಸ್ತೆ ತೆರೆದಿದೆ, ಯಾರ ಮನೆಗೆ ಹೋಗಿ ನೋಡ್ಬೇಕು ಅಂತ ಒಬ್ರಾದ್ಮೇಲೆ ಒಬ್ರು. ರೇಡಿಯೋ ಮುಂದೆ ಕೂತು ಕೇಳ್ತಾ ನಂಗೆ ನಮ್ಮೂರೇ ನೆನಪಾಗ್ತಿತ್ತು.

ನಮ್ಮ ಬೀದಿಯವರಿಗೂ ಒಂದು ರಿಪೀಟರ್ ಹಾಕೋಣ ಅಂತ ಆ ವಾರವೇ ಹೊರಟೆ. ರಿಪೀಟರ್ ಅಂದ್ರೆ ಎತ್ತರದಲ್ಲಿ ಕೂತು ಕೈಲಿ ಹಿಡಿಯೋ ವಾಕಿಟಾಕಿ ಸೆಟ್ಟಿನ ಸಣ್ಣ ಸಿಗ್ನಲ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸ್ಕೊಂಡು, ಅದೇ ಗಳಿಗೆಗೆ ಇನ್ನೊಂದರಲ್ಲಿ ಜೋರಾಗಿ ಕೂಗಿ ಹೇಳೋ ಪೆಟ್ಟಿಗೆ, ಅಷ್ಟೇ. ಹ್ಯಾಮ್ ಆದ್ರೆ ಪ್ರತಿಯೊಬ್ರೂ ಪರೀಕ್ಷೆ ಪಾಸ್ ಮಾಡ್ಬೇಕು, ಅದಕ್ಕೇ ಜಿಎಂಆರ್‌ಎಸ್ ಅನ್ನೋ ಇಲ್ಲಿನ ಮನೆಮಂದಿಯ ರೇಡಿಯೋ ಸೇವೆ ಆರಿಸ್ಕೊಂಡೆ. ಪರೀಕ್ಷೆ ಇಲ್ಲ, 35 ಡಾಲರ್ ಕಟ್ಟಿದ್ರೆ 10 ವರ್ಷ, ಇಲ್ಲಿನ ಪೌರತ್ವವೂ ಬೇಡ, ಒಂದೇ ಲೈಸೆನ್ಸಲ್ಲಿ ಹೆಂಡ್ತಿ ಮಕ್ಕಳು ಅಪ್ಪ ಅಮ್ಮ ಅತ್ತೆ ಮಾವ ಎಲ್ರೂ ಮಾತಾಡಬಹುದು. ರಿಪೀಟರಿಗೆ ಅಂತಾನೇ ಎಂಟು ಜೋಡಿ ಚಾನೆಲ್, 50 ವಾಟ್ ತನಕ ಪವರ್. ನಂಬಿ ಕೊಡ್ತಾರೆ. ಅಕ್ಕಪಕ್ಕದ ನಾಲ್ಕು ಮನೆಯವರೂ ಒಂದೊಂದು ಲೈಸೆನ್ಸ್ ತಗೊಂಡ್ರು. ಇದರಲ್ಲಿ ತೊಂದ್ರೆ ಇಲ್ಲ ಅಂತಲ್ಲ, ಎಂಟೇ ಜೋಡಿ ಇರೋದ್ರಿಂದ ನಾನು ಮೊದಲು ಹಿಡಿದ ಜೋಡಿ ಮೇಲೆ ಇನ್ನೊಬ್ರ ರಿಪೀಟರ್ ಇತ್ತು, ಅವ್ರನ್ನ ಹುಡುಕಿ ಮಾತಾಡಿ ನಾನೇ ಜೋಡಿ ಬದಲಾಯಿಸ್ದೆ.

ಹೊಸಬರು ಎಡವೋದು ಪೆಟ್ಟಿಗೆಯಲ್ಲಲ್ಲ, ಕೇಬಲಲ್ಲಿ. ಕೂಗೋ ಮತ್ತು ಕೇಳೋ ಫ್ರೀಕ್ವೆನ್ಸಿ ನಡುವೆ ಇರೋದು ಬರೀ 5 ಮೆಗಾಹರ್ಟ್ಸ್, ಒಂದೇ ಆಂಟೆನಾ, ಹಂಗಾಗಿ ಡ್ಯುಪ್ಲೆಕ್ಸರ್ ಅನ್ನೋ ಡಬ್ಬಿ ಎರಡನ್ನೂ ಬೇರೆ ಬೇರೆ ಇಡ್ಬೇಕು, ಇಲ್ದಿದ್ರೆ ತನ್ನ ಕೂಗಿಗೆ ತಾನೇ ಕಿವುಡಾಗತ್ತೆ. ನಾನು ಅದರ ತಿರುಪುಗಳನ್ನ ನ್ಯಾನೋವಿಎನ್ಎ ಅನ್ನೋ ಸಣ್ಣ ಅಳತೆ ಯಂತ್ರ ಹಿಡ್ಕೊಂಡು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ ಸರಿ ಮಾಡಿದ್ದೆ, ಆದ್ರೂ ಗಾಳಿ ಬೀಸಿದ್ರೆ ಸಾಕು ಚರಚರ ಅಂತ ಸದ್ದು, ದೂರದ ಸೆಟ್ಟೆಲ್ಲ ಮಾಯ. ವಾರಗಟ್ಟಲೆ ತಲೆ ಕೆಡಿಸ್ಕೊಂಡೆ. ಪಕ್ಕದ ಮನೆಯ ಮುದುಕರು, ನಲವತ್ತು ವರ್ಷದ ಹ್ಯಾಮ್, ಬಂದವ್ರೇ ಕೇಬಲ್ ಹಿಡಿದು ಒಂದ್ಸಲ ಅಲ್ಲಾಡಿಸಿದ್ರು, ಸ್ಪೀಕರಲ್ಲಿ ಚರಚರ. ಎಲ್‌ಎಂಆರ್-400 ಅನ್ನೋ ಆ ಕೇಬಲ್ ಒಳಗೆ ಅಲ್ಯೂಮಿನಿಯಂ ಹಾಳೆ ಮೇಲೆ ತಾಮ್ರದ ತಂತಿಯ ಹೆಣಿಗೆ ಇರತ್ತೆ, ಬೇರೆ ಸೆಟ್ಟಿಗೆಲ್ಲ ಒಳ್ಳೇ ಕೇಬಲ್ಲೇ, ಆದ್ರೆ ರಿಪೀಟರಲ್ಲಿ ಆ ಎರಡು ಲೋಹ ಉಜ್ಜಾಡಿದ್ರೆ ಗದ್ದಲ ಹುಟ್ಟತ್ತೆ. ಹೆಣಿಗೆ ಬದಲು ಒಂದೇ ಲೋಹದ ಕೊಳವೆ ಇರೋ ಅರ್ಧ ಇಂಚಿನ ಹಾರ್ಡ್‌ಲೈನ್ ಎಳೆದ್ವಿ, ಅವತ್ತಿಗೆ ಸದ್ದು ಅಡಗ್ತು. 12 ಮೀಟರ್ ಕಂಬ, ಪವರ್ 10 ವಾಟಿಗೆ ಇಳಿಸಿದೀನಿ, ಪಕ್ಕದಲ್ಲೊಂದು 100 ಆಂಪಿಯರ್ ಅವರ್ ಬ್ಯಾಟರಿ.

ನಮ್ಮ ಕಡೆ ದಾರಿ ಬೇರೆ. ಇಂಡಿಯಾದಲ್ಲಿ 12 ವರ್ಷ ತುಂಬಿದ್ರೆ ಹ್ಯಾಮ್ ಪರೀಕ್ಷೆ ಬರೀಬಹುದು, ರಿಸ್ಟ್ರಿಕ್ಟೆಡ್ ದರ್ಜೆಗೆ ಚುಕ್ಕಿ-ಗೆರೆಯ ಮೋರ್ಸ್ ಸಂಕೇತ ಬೇಡ, ಜನರಲ್ಲಿಗೆ ನಿಮಿಷಕ್ಕೆ 8 ಪದ ಬರಬೇಕು, ಆಮೇಲೆ ಕೇಂದ್ರ ಸರ್ಕಾರದ ವೈರ್‌ಲೆಸ್ ವಿಭಾಗ ಡಬ್ಲ್ಯೂಪಿಸಿ ಕೊಡೋ ಲೈಸೆನ್ಸ್. ಇದು ಕೆಟ್ಟದ್ದು ಅಂತ ನಾನು ಅನ್ನಲ್ಲ. ಕಲಿತವರ ಕೈಲಿ ರೇಡಿಯೋ ಇದ್ರೆ ಅದರ ಬೆಲೆನೇ ಬೇರೆ, ಬೆಂಗಳೂರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಥರ ಕೂರಿಸಿ ಕಲಿಸೋ ಸಂಸ್ಥೆ ಇರೋದು ನಮ್ಮ ಪುಣ್ಯ. ಆದ್ರೆ ಪರೀಕ್ಷೆ ಬರೆಯದವರಿಗೆ ಏನಿದೆ? 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಅರ್ಧ ವಾಟಿನ ಸೆಟ್ಟಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ತೋಟದ ಈ ಮೂಲೆಯಿಂದ ಆ ಮೂಲೆಗೆ ಸಾಕು, ನಡುವೆ ಒಂದು ಗುಡ್ಡ ಬಂತೋ ಮುಗೀತು. ಕಾಫಿ ತೋಟದ ಮನೆಗಳು ಒಂದಕ್ಕೊಂದು ಒಂದೊಂದು ಮೈಲಿ ದೂರ, ಕಣಿವೆ ಒಳಗೆ. ಅಂಥವರಿಗೆ ಅರ್ಧ ವಾಟಿಗೂ ಹ್ಯಾಮಿಗೂ ನಡುವೆ ಒಂದು ಮೆಟ್ಟಿಲು ಬೇಕು, ಮನೆಗೊಂದು ಲೈಸೆನ್ಸ್, ಪಂಚಾಯ್ತಿಗೊಂದು ರಿಪೀಟರ್, ಪೆಟ್ಟಿಗೆ ನೋಡ್ಕೊಳ್ಳೋಕೆ ಪಾಸಾದ ಒಬ್ಬ ಹ್ಯಾಮ್ ಜವಾಬ್ದಾರಿ. ಇಲ್ಲಿನ ನಂಬಿಕೆ, ನಮ್ಮಲ್ಲಿನ ಕಲಿಕೆ, ಎರಡೂ ಸೇರಿದ್ರೆ ಮಲೆನಾಡಿಗೆ ಸರಿಹೊಂದತ್ತೆ. ಇಲ್ಲಿ ನಾನು ಕಂಬಕ್ಕೆ ದುಡ್ಡು ಸುರಿದು ಪಡೆದ ಎತ್ತರಾನ ನಮ್ಮೂರಿಗೆ ದೇವರಮನೆ ಗುಡ್ಡ ಪುಕ್ಕಟೆ ಕೊಟ್ಟಿದೆ.

ಅಕ್ಕನ ಮಗ ಈಗ ಪಿಯುಸಿ, ಹ್ಯಾಮ್ ಪರೀಕ್ಷೆಗೆ ಓದ್ತಿದಾನೆ. ಪ್ರತಿ ಭಾನುವಾರ ಫೋನಲ್ಲಿ ಅವಂದೇ ಪ್ರಶ್ನೆ, "ಮಾವ, ಆಂಟೆನಾ ಉದ್ದ ಯಾಕೆ ಕಾಲು ವೇವ್‌ಲೆಂತ್?" ದೀಪಾವಳಿಗೆ ಊರಿಗೆ ಹೋದಾಗ ಇಟಿಎ, ಅಂದ್ರೆ ಸರ್ಕಾರದ ಒಪ್ಪಿಗೆ, ಇರೋ ಎರಡು ಅರ್ಧ ವಾಟಿನ ಸೆಟ್ ತಗೊಂಡು ನಾನು ಗುಡ್ಡದ ನೆತ್ತೀಲಿ ನಿಲ್ತೀನಿ, ಅವನು ಬೈಕಲ್ಲಿ ಒಂದೊಂದೇ ಮನೆ ಅಂಗಳದಿಂದ ಕೂಗ್ತಾನೆ, ಎಲ್ಲಿ ಕೇಳ್ತು ಎಲ್ಲಿ ಕೇಳ್ಲಿಲ್ಲ ಅಂತ ಬರ್ಕೊಳ್ತೀವಿ. ಮೊದಲು ಅಮ್ಮನ ಅಂಗಳದಿಂದ.